ಗರಗಸ ತಿಂದ ಗೆರೆ

ಆಟಿ ತಿಂಗಳ ಮಳೆ ಬಿಡದೆ ಸುರಿಯತೊಡಗಿದರೆ ಮಂಗಳೂರಿನಲ್ಲಿ ಕಪಾಟಿನ ಪುಸ್ತಕಗಳಿಗೆ ಬೂಸ್ಟು ಹಿಡಿಯದೆ ಇರುವುದಿಲ್ಲ. ಕಳೆದ ವಾರ ಒರೆಸಿ ಫ್ಯಾನಿನ ಕೆಳಗೆ ಹರಡಿದ್ದ ಪುಸ್ತಕಗಳ ನಡುವೆ, 2019ರಲ್ಲಿ ಲಂಡನ್ನಿನ ಮಗಳ ಮನೆಯಿಂದ ಹಿಂತಿರುಗುವಾಗ ಪೆಟ್ಟಿಗೆಯ ತೂಕ ಮಿತಿ ಮೀರಿತೆಂದು ಹೆಂಡತಿಯಿಂದ ಬೈಸಿಕೊಂಡು ತಂದ ಒಂದು ದಪ್ಪ ಪುಸ್ತಕವೂ ಇತ್ತು. ಆ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್‌ನ ಅಚ್ಚುಚಿತ್ರಗಳ ಪ್ರದರ್ಶನ ನಡೆದಿತ್ತು, ಪುಸ್ತಕ ಅದರದ್ದು. ಮಾತಿಗೆಂದು ಬಂದು ಕುಳಿತಿದ್ದ ನೆರೆಮನೆಯ ನಿವೃತ್ತ ಡ್ರಾಯಿಂಗ್ ಮಾಸ್ಟ್ರು ಅದನ್ನು ತಿರುವಿ ಹಾಕಿ, ‘ಇದೆಲ್ಲ ಪ್ರಿಂಟಲ್ವಾ ಮಾರಾಯ್ರೆ? ಅಷ್ಟು ದೂರ ಹೋಗಿ ನಕಲು ನೋಡಿ ಬಂದದ್ದಾ ನೀವು?’ ಎಂದು ಕೇಳಿದರು. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಚಿತ್ರಕಾರನಲ್ಲ, ಚಿತ್ರಕಲೆಯನ್ನು ಓದಿದವನೂ ಅಲ್ಲ. ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಹುಡುಗನಾಗಿ ಸೇರಿ, ಆಫ್‌ಸೆಟ್ ಬಂದ ಮೇಲೆ ಆ ಯಂತ್ರದ ಮುಂದೆ ನಿಂತು, ಒಟ್ಟು 36 ವರ್ಷ ಮಸಿಯಲ್ಲಿ ಕೈ ಅದ್ದಿದವನು. ಆದ್ದರಿಂದ ಯಾವ ಚಿತ್ರದ ಮುಂದೆ ನಿಂತರೂ ಅದರಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಹೇಗೆ ಒತ್ತಿದ್ದಾರೆ ಎಂಬುದರ ಕಡೆಗೇ ನನ್ನ ಕಣ್ಣು ಮೊದಲು ಹೋಗುತ್ತದೆ. ಮಗಳು ಆ ದಿನ ನಮ್ಮನ್ನು ಕರೆದೊಯ್ದದ್ದು ಈಜಿಪ್ಟಿನ ಮಮ್ಮಿಗಳನ್ನು ತೋರಿಸಲಿಕ್ಕೆ. ಹೆಂಡತಿ ಮತ್ತು ಮಗಳು ಆ ಕಡೆ ಹೋದರು. ನಾನು ‘ಅಚ್ಚು’ ಎಂಬ ಒಂದೇ ಕಾರಣಕ್ಕೆ ಮುಂಕ್‌ನ ಕೋಣೆಗೆ ಹೋದವನು, ಬಾಗಿಲು ಹಾಕುವ ಹೊತ್ತಿಗೆ ಕಾವಲುಗಾರರು ಹೇಳಿದ ಮೇಲೆ ಹೊರಬಂದೆ.

ಒಟ್ಟು 83 ಕೃತಿಗಳಿದ್ದುವು, ಅವುಗಳಲ್ಲಿ ಸುಮಾರು 50 ಓಸ್ಲೋದ ಮುಂಕ್ ಮ್ಯೂಸಿಯಮ್ಮಿನಿಂದ ಬಂದವು. ಬ್ರಿಟನ್ನಿನಲ್ಲಿ 45 ವರ್ಷಗಳಲ್ಲಿ ಅವನ ಅಚ್ಚುಚಿತ್ರಗಳ ಇಷ್ಟು ದೊಡ್ಡ ಪ್ರದರ್ಶನ ನಡೆದಿರಲಿಲ್ಲವಂತೆ. ಹಳೆಯ ಕಾಗದ ಬೆಳಕಿಗೆ ಮಾಸುವುದರಿಂದ ಕೋಣೆಯಲ್ಲಿ ಬೆಳಕು ಮಂದವಾಗಿತ್ತು, ಕನ್ನಡಕವನ್ನು ಎರಡು ಸಲ ಒರೆಸಿಕೊಂಡ ಮೇಲೆ ತಪ್ಪು ಕನ್ನಡಕದ್ದಲ್ಲ ಎಂದು ಗೊತ್ತಾಯಿತು.

ಎಲ್ಲರೂ ಹುಡುಕಿಕೊಂಡು ಹೋಗುತ್ತಿದ್ದದ್ದು ‘ಸ್ಕ್ರೀಮ್’ ಚಿತ್ರವನ್ನು. 1893ರ ಬಣ್ಣದ ಚಿತ್ರ ಪ್ರಪಂಚಕ್ಕೆಲ್ಲ ಗೊತ್ತು: ಕೆಂಪು ಆಕಾಶ, ಸೇತುವೆಯ ಕಟಾಂಜನ, ಎರಡೂ ಕೈಗಳಿಂದ ಕೆನ್ನೆ ಒತ್ತಿಕೊಂಡ ಬುರುಡೆಯಂಥ ಮುಖ. ಇಲ್ಲಿದ್ದದ್ದು 1895ರ ಕಲ್ಲಚ್ಚು; ಅದರಲ್ಲಿ ಬಣ್ಣವೇ ಇಲ್ಲ, ಕಪ್ಪು ಗೆರೆಗಳು ಮಾತ್ರ. ಬಣ್ಣವಿಲ್ಲದ್ದರಿಂದ ಆಕಾಶ, ನೀರು, ನೆಲ ಎಲ್ಲವೂ ಒಂದೇ ಬಗೆಯ ಗೆರೆಗಳ ಸುಳಿಯಾಗಿ ಆ ಮುಖದ ಸುತ್ತ ನುಗ್ಗಿ ಬರುತ್ತವೆ. ಕೆಳಗೆ ಜರ್ಮನ್ ಭಾಷೆಯಲ್ಲಿ ಒಂದು ಸಾಲು ಇದೆ. ಪ್ರಕೃತಿಯ ಉದ್ದಕ್ಕೂ ಹಾಯ್ದ ಮಹಾ ಕೂಗೊಂದು ನನ್ನ ಅನುಭವಕ್ಕೆ ಬಂತು ಎಂಬುದು ಅದರ ಅರ್ಥ. ಅಂದರೆ ಆ ಮನುಷ್ಯ ಕೂಗುತ್ತಿಲ್ಲ, ಕೂಗನ್ನು ಕೇಳಲಾರದೆ ಕಿವಿ ಮುಚ್ಚಿಕೊಂಡಿದ್ದಾನೆ. ಕನ್ನಡದಲ್ಲಿ ಇದನ್ನು ‘ಚೀತ್ಕಾರ’ ಎಂದು ಬರೆದವರಿದ್ದಾರೆ. ಆ ಮಾತು ಕೇಳಿದರೆ ಬಾಯಿಂದ ಹೊರಟ ಸದ್ದಷ್ಟೇ ನೆನಪಾಗುತ್ತದೆ. ನಮ್ಮೂರಿನ ‘ಬೊಬ್ಬೆ’ಯೂ ಇಲ್ಲಿ ಸಲ್ಲದು, ಬೊಬ್ಬೆಯನ್ನು ಯಾರಾದರೊಬ್ಬರು ಹೊಡೆಯಲೇಬೇಕು. ಜೂನ್ ತಿಂಗಳ ರಾತ್ರಿ ಕಡಲತೀರದ ಮನೆಗಳಲ್ಲಿ ಮಲಗಿದವರಿಗೆ ಕೇಳಿಸುವ ಮೊರೆತದಂತೆ ಒಡೆಯನಿಲ್ಲದ ಸದ್ದು ಅದು. ‘ಮೊರೆ’ ಎಂದರೆ ಹತ್ತಿರ ಬಂದೀತು ಎಂದು ನನಗೆ ತೋರಿತು. ನನ್ನ ಹೆಂಡತಿ ಮಾತ್ರ ಪುಸ್ತಕದಲ್ಲಿ ಆ ಚಿತ್ರ ನೋಡಿ, ‘ಹಲ್ಲುನೋವಿನವರ ಹಾಗೆ ಉಂಟು’ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಕಲ್ಲಚ್ಚು ಎಂದಾಗ ಮಂಗಳೂರಿನವನಾದ ನನಗೆ ಸ್ವಲ್ಪ ಹೆಮ್ಮೆಯಾಗದೆ ಇರಲಿಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ನಮ್ಮೂರಿನಲ್ಲಿ ಶುರುಮಾಡಿದ್ದು ಕಲ್ಲಚ್ಚಿನ ಮುದ್ರಣಾಲಯವನ್ನೇ. ಹರ್ಮನ್ ಮೋಗ್ಲಿಂಗ್ ಸಂಪಾದಿಸಿ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಚ್ಚಾದದ್ದೂ ಕಲ್ಲಿನ ಮೇಲೆ. ನುಣ್ಣಗೆ ಅರೆದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಗೋಂದು ಮತ್ತು ಆಮ್ಲದ ನೀರು ಬಳಿದು ಹದ ಮಾಡಿ, ಒದ್ದೆ ಮಾಡಿದ ಕಲ್ಲಿನ ಮೇಲೆ ಮಸಿಯ ರೋಲರ್ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಕೂರುತ್ತದೆ, ಉಳಿದ ಕಡೆ ನೀರು ಅದನ್ನು ಬಿಟ್ಟುಕೊಳ್ಳುವುದಿಲ್ಲ. ನಾನು ನಿಂತು ದುಡಿದ ಆಫ್‌ಸೆಟ್ ಯಂತ್ರವೂ ಜಿಡ್ಡು ಮತ್ತು ನೀರಿನ ಈ ವೈರದಿಂದಲೇ ನಡೆಯುವುದು. ನಾನು ಕೆಲಸ ಕಲಿತ ಮುದ್ರಣಾಲಯದ ಹಿತ್ತಿಲಿನಲ್ಲಿ ಅಂಥದೊಂದು ಹಳೆಯ ಕಲ್ಲು ಬಿದ್ದಿತ್ತು. ಅದರ ಮೇಲೆ ಹುಡುಗರು ರೋಲರುಗಳನ್ನಿಟ್ಟು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ತಿಳಿಹಳದಿ ಬಣ್ಣದ ಆ ಕಲ್ಲಿನ ಒಂದು ಮೂಲೆಯಲ್ಲಿ, ಎಷ್ಟು ತೊಳೆದರೂ ಹೋಗದ ತಿರುವುಮುರುವಾದ ಒಂದು ‘ಶ್ರೀ’ ಇತ್ತು. ಅದು ಯಾವ ಕಾಗದದ ತಲೆಬರಹವಾಗಿತ್ತೋ, ಯಾರೂ ಕೇಳಲಿಲ್ಲ.

ಕಲ್ಲಿನ ಮೇಲೆ ಬರೆದದ್ದು ಕಾಗದದಲ್ಲಿ ಎಡಬಲವಾಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಮುಂಕ್ 1896ರಲ್ಲಿ ಸ್ವೀಡನ್ನಿನ ನಾಟಕಕಾರ ಆಗಸ್ಟ್ ಸ್ಟ್ರಿಂಡ್‌ಬರ್ಗ್‌ನ ಮುಖವನ್ನು ಕಲ್ಲಚ್ಚಿನಲ್ಲಿ ಮಾಡಿದಾಗ ಹೆಸರಿನ ‘ರ’ಕಾರವನ್ನೇ ನುಂಗಿ ‘ಸ್ಟಿಂಡ್‌ಬರ್ಗ್’ ಎಂದು ಬರೆದುಬಿಟ್ಟ. ಅದು ಬೇಕೆಂದೇ ಮಾಡಿದ್ದೋ ಕೈತಪ್ಪೋ, ಕರಡು ತಿದ್ದುವವರಿಲ್ಲದ ಕಲಾವಿದನ ಬಗ್ಗೆ ನನಗೆ ಆ ಕ್ಷಣಕ್ಕೆ ಅಕ್ಕರೆ ಹುಟ್ಟಿತು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಮದುವೆಯ ಕಾಗದದಲ್ಲಿ ‘ವಧು’ವಿನ ಕೊಂಬು ಒತ್ತುವಾಗ ಕಳಚಿಬಿದ್ದು, ಇನ್ನೂರು ಪ್ರತಿಗಳಲ್ಲಿ ‘ವಧ’ ಎಂದಾಗಿತ್ತು. ತಪ್ಪು ನನ್ನದೇ, ಫ್ರೇಮನ್ನು ಬಿಗಿಯಾಗಿ ಕಟ್ಟಿರಲಿಲ್ಲ. ಆ ಇನ್ನೂರು ಕಾಗದಗಳಿಗೆ ಕೈಯಿಂದ ಕೊಂಬು ಬರೆದು ಮುಗಿಸುವಾಗ ರಾತ್ರಿ ಹನ್ನೊಂದಾಗಿತ್ತು.

ಮುಂಕ್ 1863ರಲ್ಲಿ ಹುಟ್ಟಿದವನು. ಐದು ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು. 1877ರಲ್ಲಿ ಹದಿನೈದು ವರ್ಷದ ಅಕ್ಕ ಸೋಫಿಯೂ ಅದೇ ಕಾಯಿಲೆಗೆ ಬಲಿಯಾದಳು. ಈ ಅಕ್ಕನ ಸಾವನ್ನು ಅವನು ‘ಕಾಯಿಲೆಯ ಮಗು’ ಎಂದು 1885–86ರಲ್ಲಿ ಬಣ್ಣದಲ್ಲಿ ಬರೆದ, 1894ರಲ್ಲಿ ತಾಮ್ರದ ತಗಡಿನಲ್ಲಿ ಗೀರಿದ, 1896ರಲ್ಲಿ ಪ್ಯಾರಿಸಿನಲ್ಲಿ ಕಲ್ಲಿನ ಮೇಲೆ ತಂದ, ಆಮೇಲೂ ಬರೆಯುತ್ತಲೇ ಹೋದ. ಕಲ್ಲಚ್ಚಿನಲ್ಲಿ ಕೋಣೆಯಿಲ್ಲ, ಹಾಸಿಗೆಯಿಲ್ಲ, ಪಕ್ಕದಲ್ಲಿ ತಲೆ ಬಗ್ಗಿಸಿ ಕುಳಿತ ಹೆಂಗಸೂ ಇಲ್ಲ. ದಿಂಬಿಗೊರಗಿ ಪಕ್ಕಕ್ಕೆ ತಿರುಗಿದ ಹುಡುಗಿಯ ತಲೆ, ತೆಳುವಾದ ಕೂದಲು, ಅಷ್ಟೇ. ಮುದ್ರಕನಾದ ಓಗಸ್ತ್ ಕ್ಲೋನ ಅಂಗಡಿಯಲ್ಲಿ ಈ ತಲೆಯ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾಗ ಮುಂಕ್ ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸಿ ‘ಬೂದು, ಹಸುರು, ನೀಲಿ, ಕಂದು’ ಎಂದು ಬಣ್ಣ ಹೇಳಿ, ಮುದ್ರಕ ಒತ್ತುತ್ತಿರುವಾಗ ಗೆಳೆಯನೊಡನೆ ಕುಡಿಯಲು ಹೋದನಂತೆ. ಹಿಂತಿರುಗಿ ಬಂದು ಮತ್ತೆ ಹಾಗೆಯೇ ‘ಹಳದಿ, ಗುಲಾಬಿ, ಕೆಂಪು’ ಎಂದನಂತೆ. ಅಲ್ಲಿದ್ದ ಆ ಗೆಳೆಯ, ಚಿತ್ರಕಾರ ಪಾಲ್ ಹೆರ್ಮನ್, ಹೇಳಿದ ಕತೆ ಇದು. ಕಲೆಯನ್ನು ಬಲ್ಲವರು ಇದರಲ್ಲಿ ಪ್ರತಿಭೆಯನ್ನು ಕಾಣುತ್ತಾರೆ. ನಾನು ಕಂಡದ್ದು ಕ್ಲೋನನ್ನು. ಕಣ್ಣು ಮುಚ್ಚಿ ಬಣ್ಣ ಹೇಳುವ ಗಿರಾಕಿಯ ಮಾತಿಗೆ ಎದುರಾಡದೆ ಪ್ರತಿ ಸಲ ರೋಲರ್ ತೊಳೆದು, ಹೊಸ ಮಸಿ ಕಲಸಿ, ಒಂದರ ಮೇಲೊಂದು ಕಲ್ಲು ತಪ್ಪದೆ ಕೂರುವಂತೆ ಒತ್ತಿಕೊಟ್ಟವನು ಅವನು. ಹುಡುಗಿಯ ಮುಖ ಕೆಂಪು ಮಸಿಯಲ್ಲಿ ಬಂದಾಗ ಜ್ವರ ಏರಿದಂತೆ ಕಾಣುತ್ತದೆ, ಬೂದು ಮಸಿಯಲ್ಲಿ ಬಂದಾಗ ಜ್ವರ ಬಿಟ್ಟಂತಲ್ಲ, ಎಲ್ಲ ಮುಗಿದಂತೆ ಕಾಣುತ್ತದೆ. ಕಲ್ಲು ಅದೇ, ಗೆರೆ ಅದೇ. ಇವೆರಡರಲ್ಲಿ ಯಾವುದು ಯಾವುದರ ನಕಲು ಎಂದು ನಾನು ಮಾಸ್ಟ್ರನ್ನು ಕೇಳಬೇಕಾಗಿತ್ತು, ಆಗ ಹೊಳೆಯಲಿಲ್ಲ.

ಅವರ ಮಾತಿಗೂ ಒಂದು ಹಿನ್ನೆಲೆಯಿದೆ. ನಮ್ಮೂರಿನಲ್ಲಿ ಐರೋಪ್ಯ ಚಿತ್ರಕಲೆ ಎಂದರೆ ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್. ಶಾಲೆಯಿಂದ ಸಾಲಾಗಿ ಕರೆದೊಯ್ದು, ಕತ್ತು ನೋಯುವವರೆಗೆ ಮಾಡಿನ ಚಿತ್ರ ನೋಡಿಸದ ಮಕ್ಕಳು ಇಲ್ಲಿ ಕಡಿಮೆ. ಇಟಲಿಯ ಆಂಟೋನಿಯೊ ಮೊಸ್ಕೇನಿ ಆ ಗೋಡೆಗಳನ್ನು ತುಂಬಿಸಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನಲ್ಲಿ, ಅಂದರೆ ಮುಂಕ್ ಮರದ ಹಲಗೆಗಳನ್ನು ಕೊಯ್ಯುತ್ತಿದ್ದ ವರ್ಷಗಳಲ್ಲೇ. ಮೊಸ್ಕೇನಿಯ ಕೆಲಸದಲ್ಲಿ ಕುಂಚದ ಗುರುತು ಕಾಣಬಾರದು, ಬಟ್ಟೆಯ ಮಡಿಕೆ ಬಟ್ಟೆಯಂತೆಯೇ ಕಾಣಬೇಕು. ಅದನ್ನು ನೋಡಿ ಬೆಳೆದ ಕಣ್ಣಿಗೆ, ಅದೇ ಭಕ್ತಿಯಿಂದ ಮಕ್ಕಳಿಗೆ ಚಿತ್ರ ಕಲಿಸಿದ ಮಾಸ್ಟ್ರ ಕಣ್ಣಿಗೆ, ಮುಂಕ್‌ನ ಅಚ್ಚು ಅರೆಬೆಂದದ್ದಾಗಿ ಕಂಡರೆ ಆಶ್ಚರ್ಯವಿಲ್ಲ. ಬರ್ಲಿನ್ನಿನ ಕಲಾವಿದರ ಸಂಘದವರಿಗೂ ಹಾಗೆಯೇ ಕಂಡಿತ್ತು. 1892ರಲ್ಲಿ ತಾವೇ ಕರೆಸಿ ಏರ್ಪಡಿಸಿದ ಮುಂಕ್‌ನ ಪ್ರದರ್ಶನವನ್ನು ಅವರು ಒಂದೇ ವಾರದಲ್ಲಿ ಮುಚ್ಚಿಬಿಟ್ಟರು. ಆ ಗದ್ದಲದಿಂದಲೇ ಅವನ ಹೆಸರು ಜರ್ಮನಿಯಲ್ಲೆಲ್ಲ ಹಬ್ಬಿತು. 1905ರಲ್ಲಿ ಡ್ರೆಸ್ಡೆನ್ನಿನಲ್ಲಿ ‘ಬ್ರೂಕೆ’ ಎಂಬ ಗುಂಪು ಕಟ್ಟಿಕೊಂಡು ಮರವನ್ನು ಒರಟಾಗಿ ಕೆತ್ತಿ ಅಚ್ಚು ತೆಗೆದ ಕಿರ್ಷ್‌ನರ್, ಹೆಕೆಲ್ ಮೊದಲಾದ ಎಕ್ಸ್‌ಪ್ರೆಷನಿಸ್ಟ್ (ಕಣ್ಣಿಗೆ ಕಂಡದ್ದಕ್ಕಿಂತ ಒಳಗಿನ ಭಾವವನ್ನೇ ಚಿತ್ರಿಸುವ) ತರುಣರಿಗೆ ದಾರಿ ತೋರಿದವರಲ್ಲಿ ಇವನು ಮುಖ್ಯನಾದ.

ನನಗೆ ಎಲ್ಲವೂ ಹಿಡಿಸಿತೆಂದು ಹೇಳಲಾರೆ. ಗಂಡಸಿನ ಕತ್ತಿಗೆ ಬಾಗಿದ ಕೆಂಪುಕೂದಲ ಹೆಂಗಸಿನ ಚಿತ್ರಕ್ಕೆ ಮುಂಕ್ ಇಟ್ಟಿದ್ದ ಹೆಸರು ‘ಪ್ರೀತಿ ಮತ್ತು ನೋವು’. ಅದನ್ನು ‘ರಕ್ತಪಿಶಾಚಿ’ ಮಾಡಿದ್ದು ಬೇರೆಯವರು. ಆದರೂ ಆ ಸಾಲಿನ ಚಿತ್ರಗಳ ಮುಂದೆ ನಡೆಯುತ್ತ ಹೋದರೆ, ಹೆಣ್ಣು ಹತ್ತಿರ ಬಂದರೆ ಹೆದರುವ, ದೂರ ಹೋದರೆ ಅಳುವ ಒಬ್ಬ ಗಂಡಸಿನ ಗೋಳು ಅತಿಯಾಯಿತೆನಿಸುತ್ತದೆ. ಅದರ ಅಚ್ಚಿನ ಕೆಲಸ ಮಾತ್ರ ಅಸಾಧ್ಯವಾದದ್ದು, ಒಂದೇ ಹಾಳೆಯ ಮೇಲೆ ಕಲ್ಲೂ ಮರವೂ ಸೇರಿವೆ.

ಈಗ ಹೇಳಬೇಕೆಂದುಕೊಂಡ ವಿಷಯಕ್ಕೆ ಬರುತ್ತೇನೆ. ಆ ಪ್ರದರ್ಶನದಲ್ಲಿ ಕೆಲವು ಚಿತ್ರಗಳ ಪಕ್ಕದಲ್ಲೇ ಅವುಗಳನ್ನು ಒತ್ತಿದ ಕಲ್ಲನ್ನು, ಮರದ ಹಲಗೆಯನ್ನು ಇಟ್ಟಿದ್ದರು. ಹಾಗೆ ಇಟ್ಟದ್ದರಲ್ಲಿ ಒಂದು, 1905ರ ‘ತಲೆಗೆ ತಲೆ’ ಎಂಬ ಮರದಚ್ಚಿನದು. ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬರಿಗೊಬ್ಬರು ತಲೆ ಆನಿಸಿಕೊಂಡಿದ್ದಾರೆ. ಬಣ್ಣದ ಮರದಚ್ಚು ಮಾಡುವ ಜಪಾನೀಯರು ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೆತ್ತಿ, ಒಂದೇ ಹಾಳೆಯ ಮೇಲೆ ಒಂದಾದ ಮೇಲೊಂದರಂತೆ ಒತ್ತುತ್ತಾರೆ. ಮುಂಕ್ ಮಾಡಿದ್ದು ಬೇರೆ. ಒಂದೇ ಹಲಗೆಯನ್ನು ಸಣ್ಣ ಗರಗಸದಿಂದ ಆಕೃತಿಗಳ ಅಂಚಿಗೆ ಸರಿಯಾಗಿ ಕೊಯ್ದು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಮಸಿ ಹಚ್ಚಿ, ಮಕ್ಕಳ ಚಿತ್ರಬಂಧದ ಹಾಗೆ ತಿರುಗಿ ಜೋಡಿಸಿ, ಎಲ್ಲ ಬಣ್ಣವನ್ನೂ ಒಂದೇ ಒತ್ತಿಗೆ ಕಾಗದಕ್ಕೆ ಇಳಿಸಿದ.

ಇದರ ಸುಖ ಏನೆಂದು ಕರಾವಳಿಯ ಮುದ್ರಕನಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಕಾಗದ ಗಾಳಿಯ ತೇವ ಕುಡಿದು ಹಿಗ್ಗುತ್ತದೆ. ಬೆಳಿಗ್ಗೆ ಒತ್ತಿದ ಹಳದಿಯ ಮೇಲೆ ಮಧ್ಯಾಹ್ನ ಕೆಂಪು ಒತ್ತುವಷ್ಟರಲ್ಲಿ ಹಾಳೆ ಕೂದಲೆಳೆಯಷ್ಟು ಬೆಳೆದಿರುತ್ತದೆ, ರಿಜಿಸ್ಟ್ರೇಷನ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು, ತಪ್ಪುತ್ತದೆ, ಕ್ಯಾಲೆಂಡರಿನ ದೇವಿಯ ತುಟಿಯ ಬಣ್ಣ ಗಲ್ಲಕ್ಕೆ ಇಳಿಯುತ್ತದೆ. ಆ ಕೂದಲೆಳೆಯ ಬೆನ್ನು ಹತ್ತಿ ನಾನು ಕಳೆದ ಮಳೆಗಾಲಗಳಿಗೆ ಲೆಕ್ಕವಿಲ್ಲ. ಮುಂಕ್‌ನ ಉಪಾಯದಲ್ಲಿ ಎರಡನೆಯ ಒತ್ತೇ ಇಲ್ಲದ ಮೇಲೆ ಈ ತಾಪತ್ರಯವೂ ಇಲ್ಲ.

ಆದರೆ ಗರಗಸಕ್ಕೂ ಒಂದು ಬೆಲೆ ತೆರಬೇಕು. ಗರಗಸ ಹಾದಲ್ಲೆಲ್ಲ ಅಷ್ಟು ಮರವನ್ನು ತಿಂದಿರುತ್ತದೆ. ತುಂಡುಗಳನ್ನು ಎಷ್ಟೇ ಒತ್ತಿ ಜೋಡಿಸಿದರೂ ಆ ಸಂದಿನಲ್ಲಿ ಮಸಿ ಇಲ್ಲ, ಕಾಗದದಲ್ಲಿ ಅಲ್ಲಿ ಒಂದು ಬಿಳಿ ಗೆರೆ ಉಳಿಯುತ್ತದೆ. ನನ್ನ ಕೈಕೆಳಗಿನ ಹುಡುಗ ಅಂಥ ಬಿಳಿ ಸಂದು ಬಿಟ್ಟು ಒತ್ತಿದ್ದರೆ ನಾನು ಇಡೀ ಕಟ್ಟನ್ನು ರದ್ದಿಗೆ ಹಾಕಿಸುತ್ತಿದ್ದೆ. ಇಲ್ಲಿ ಆ ಗೆರೆ ಇಬ್ಬರ ತಲೆಗಳ ಸುತ್ತ ಸುತ್ತುವರಿದು, ಅವರು ಕೆನ್ನೆಗೆ ಕೆನ್ನೆ ತಾಗಿಸಿದ್ದರೂ ಬೇರೆ ಬೇರೆ ತುಂಡುಗಳೇ ಎಂದು ತೋರಿಸುತ್ತಿತ್ತು. 1899ರ ‘ಒಂಟಿಗರು’ ಎಂಬ ಅಚ್ಚಿನಲ್ಲಿಯೂ ಹೀಗೆಯೇ: ಕಡಲ ಕಡೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ, ಮಧ್ಯೆ ಜಾಗ ಬಿಟ್ಟು ನಿಂತ ಗಂಡು ಹೆಣ್ಣು. ಆ ಹೆಂಗಸಿನ ಸುತ್ತಲೂ ಗರಗಸದ ಗೆರೆ. ಚಿತ್ರಕಾರ ಆ ಗೆರೆಯನ್ನು ಎಳೆದಿಲ್ಲ, ಗರಗಸ ಬಿಟ್ಟುಹೋದದ್ದನ್ನು ಮುಚ್ಚದೆ ಉಳಿಸಿಕೊಂಡಿದ್ದಾನೆ. 36 ವರ್ಷ ನಾನು ಯಾವುದನ್ನು ಕುಂದು ಎಂದು ಅಡಗಿಸಿದೆನೋ ಅದನ್ನೇ ಈತ ಚಿತ್ರದ ನಡುಮಧ್ಯೆ ಇಟ್ಟಿದ್ದ. ಗಾಜಿನ ಪೆಟ್ಟಿಗೆಯೊಳಗಿನ ಆ ಹಲಗೆಯ ತುಂಡುಗಳ ಮುಂದೆ ನಾನು ನಿಂತಷ್ಟು ಹೊತ್ತು ‘ಸ್ಕ್ರೀಮ್’ನ ಮುಂದೆಯೂ ನಿಲ್ಲಲಿಲ್ಲ.

ಇದನ್ನು ನಾನು ಮಾಸ್ಟ್ರಿಗೆ ವಿವರಿಸುತ್ತಿದ್ದಾಗ, ಮಳೆಗೆ ಉಬ್ಬಿದ ನಮ್ಮ ಹಿಂಬಾಗಿಲನ್ನು ಕೀಸಲು ಬಂದಿದ್ದ ಆಚಾರ್ರು ಕೆಲಸ ನಿಲ್ಲಿಸಿ ಪುಸ್ತಕ ನೋಡಲು ಬಂದರು. ಅವರ ಕಣ್ಣು ಬಿದ್ದದ್ದು ‘ಮುತ್ತು’ ಎಂಬ ಮರದಚ್ಚಿನ ಮೇಲೆ, 1902ರ ಆವೃತ್ತಿ. ಅಪ್ಪಿಕೊಂಡ ಇಬ್ಬರು ಒಂದೇ ಕಪ್ಪು ಆಕಾರವಾಗಿದ್ದಾರೆ, ಅವರ ಮೈಮೇಲಿಂದ ಹಲಗೆಯ ಎಳೆಗಳು ಮಳೆಯಂತೆ ಇಳಿಯುತ್ತವೆ. ಮುಂಕ್ ಆ ಎಳೆಗಳನ್ನು ಕೆತ್ತಿದ್ದಲ್ಲ. ಏನೂ ಕೆತ್ತದ ಬೇರೊಂದು ಹಲಗೆಗೆ ಮಸಿ ಹಚ್ಚಿ ಒತ್ತಿದ್ದು. ಆಚಾರ್ರು ಬೆರಳನ್ನು ಕಾಗದಕ್ಕೆ ತಾಗಿಸದೆ ಮೇಲಿನಿಂದ ಕೆಳಕ್ಕೆ ಆಡಿಸಿ, ‘ಇದು ಕೀಸುಳಿ ಹಾಕದ ಹಲಗೆ ಅಲ್ವಾ? ಮೆತ್ತಗಿನ ಮರ. ನಮ್ಮ ಹಲಸು, ಬೀಟಿಯಲ್ಲಿ ಹೀಗೆ ಏಳುದಿಲ್ಲ’ ಎಂದರು. ಮೆತ್ತಗಿನ ಭಾಗ ಸವೆದು ಗಟ್ಟಿ ಎಳೆ ಮೇಲೆದ್ದರೆ ಮಾತ್ರ ಮಸಿ ಹಾಗೆ ಹಿಡಿಯುತ್ತದೆ ಎಂಬುದನ್ನು ಅವರಿಗೆ ಯಾವ ಕಲಾವಿಮರ್ಶಕರೂ ಹೇಳಿಕೊಟ್ಟಿರಲಿಲ್ಲ.

ಮಾಸ್ಟ್ರು ಅಷ್ಟಕ್ಕೆ ಸೋಲುವವರಲ್ಲ. ‘ಒಂದೇ ಉಂಟು ಅಂತಾದರೆ ಅದಕ್ಕೊಂದು ಬೆಲೆ. ಐವತ್ತು ಉಂಟು ಅಂತಾದರೆ?’ ಎಂಬುದು ಅವರ ವಾದ. ಮುಂಕ್ ತನ್ನ ಬಣ್ಣದ ಚಿತ್ರಗಳನ್ನು ಮಾರಲು ಹಿಂದೆಮುಂದೆ ನೋಡುತ್ತಿದ್ದವನು. ಚಿತ್ರ ಮನೆಯಲ್ಲೇ ಉಳಿದು, ಅದರ ಅಚ್ಚು ಊರೂರಿಗೆ ಹೋಗುವುದು ಅವನಿಗೆ ಅನುಕೂಲವೇ ಆಗಿತ್ತು. ‘ಸ್ಕ್ರೀಮ್’ನ ಬಣ್ಣದ ಚಿತ್ರಗಳಲ್ಲಿ ಒಂದನ್ನು 1994ರಲ್ಲಿ, ಇನ್ನೊಂದನ್ನು 2004ರಲ್ಲಿ ಕಳ್ಳರು ಗೋಡೆಯಿಂದಲೇ ಒಯ್ದರು, ಎರಡೂ ಆಮೇಲೆ ಸಿಕ್ಕವು. 1937ರಲ್ಲಿ ನಾಜಿಗಳು ಕುಲಗೆಟ್ಟ ಕಲೆಯೆಂದು ಹೆಸರಿಟ್ಟು ಜರ್ಮನಿಯ ಸಂಗ್ರಹಾಲಯಗಳಿಂದ ಹೊರಹಾಕಿದ ಕೃತಿಗಳಲ್ಲಿ ಮುಂಕ್‌ನವು 82. ಇವನ್ನೆಲ್ಲ ಹೇಳಿ, ಹಲವಾಗಿರುವುದರಲ್ಲೂ ಒಂದು ಬಲವಿದೆ ಎಂದೆ. 1944ರಲ್ಲಿ ಅವನು ತೀರಿಕೊಂಡಾಗ ಓಸ್ಲೋ ನಗರಕ್ಕೆ ಬಿಟ್ಟುಹೋದದ್ದರಲ್ಲಿ ಬಣ್ಣದ ಚಿತ್ರ ಸಾವಿರಕ್ಕೂ ಹೆಚ್ಚು, ಅಚ್ಚಿನ ಹಾಳೆಗಳು 15,000ಕ್ಕೂ ಹೆಚ್ಚು. ‘ಅಷ್ಟನ್ನೂ ಬೂಸ್ಟು ಬಾರದ ಹಾಗೆ ಇಟ್ಟದ್ದು ದೊಡ್ಡದು’ ಎಂದರು ಮಾಸ್ಟ್ರು. ಅದನ್ನು ಒಪ್ಪದೆ ನಿರ್ವಾಹವಿರಲಿಲ್ಲ.

ಮಾತು ಮುಗಿಯುವ ಲಕ್ಷಣ ಕಾಣದಿದ್ದಾಗ ಆಚಾರ್ರೇ ಒಂದು ದಾರಿ ಹೇಳಿದರು. ಯಾವುದೋ ಯಂತ್ರ ಬಂದಿದ್ದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೊಂದು ಅವರಲ್ಲಿತ್ತು, ಮೆತ್ತಗಿನ ಮರ. ಮಾಸ್ಟ್ರು ಅದರ ಮೇಲೆ ತಣ್ಣೀರುಬಾವಿಯ ಕಡಲನ್ನೂ ಆಕಾಶವನ್ನೂ ಬೇರ್ಪಡಿಸುವ ಒಂದೇ ಗೆರೆ ಎಳೆದರು, ಆಚಾರ್ರು ಆ ಗೆರೆಯ ಮೇಲೆ ಗರಗಸ ಹಾಯಿಸಿದರು. ಮೇಲಿನ ತುಂಡಿಗೆ ಕೆಂಪು, ಕೆಳಗಿನದಕ್ಕೆ ಕಡುನೀಲಿ ಹಚ್ಚಿ, ಜೋಡಿಸಿ, ಮೇಲೆ ಕಾಗದ ಹರಡಿ ನಾನು ಸೌಟಿನ ಬೆನ್ನಿನಿಂದ ಉಜ್ಜಿದೆ. ಹಾಳೆ ಎಬ್ಬಿಸಿದಾಗ ಕಡಲಿನಲ್ಲಿ ಮರದ ಗಂಟೊಂದು ಸುಳಿಯಾಗಿ ಬಂದಿತ್ತು, ಕಡಲಿಗೂ ಆಕಾಶಕ್ಕೂ ನಡುವೆ ಬಿಳಿ ಗೆರೆ ಹಾಗೆಯೇ ಇತ್ತು. ಮಾಸ್ಟ್ರು ಬ್ರಶ್ ತೆಗೆದುಕೊಂಡು ಅದನ್ನು ತುಂಬಿಸಲು ಹೊರಟರು, ನಾನು ಹಾಳೆಯನ್ನು ಎಳೆದುಕೊಂಡೆ. ಕೊನೆಗೆ ಅವರ ಪಾಲಿಗೆ ಇನ್ನೊಂದು ಪ್ರತಿ ತೆಗೆಯುವುದೆಂದೂ, ಅದನ್ನು ಅವರು ತುಂಬಿಸಲಿ ಬಿಡಲಿ ಅವರ ಇಷ್ಟವೆಂದೂ ಒಪ್ಪಂದವಾಯಿತು. ಅದಕ್ಕೆ ಅವರು ಹೇಳಿದ ಬಣ್ಣ ಬೂದು ಮತ್ತು ಹಸುರು. ಒತ್ತಿ ನಾಲ್ಕು ದಿನವಾಯಿತು, ಫ್ಯಾನಿನ ಕೆಳಗೇ ನೇತುಹಾಕಿದ್ದೇನೆ. ಈ ಮಳೆಗೆ ಮಸಿ ಇನ್ನೂ ಕೈಗೆ ಅಂಟುತ್ತಿದೆ.